ರಾಯರ ಪೋರ್ಚುಗೀಸ್

"ಲಿಸ್ಬನ್ ಟಿಕೆಟ್ಟಿನ ಚಿಂತೆ ನನಗೆ ಬಿಡಿ. ನೀವು ಪೋರ್ಚುಗೀಸಲ್ಲಿ ನಾಲ್ಕು ಮಾತು ಕಲೀರಿ, ಫೋನು ನೋಡಿ ನಾನೇ ಹೇಳಿಕೊಡ್ತೀನಿ," ಎಂದರು ಅಂಬುಜಮ್ಮ.

ಮದುವೆಯಾದಾಗಿನಿಂದ ಹೆಂಡತಿಯ ಅಡುಗೆಗೆ ಬರೀ ತೇಗಿನಲ್ಲೇ ಉತ್ತರ ಕೊಟ್ಟಿದ್ದ ಪ್ರಹ್ಲಾದರಾಯರು ಊಟ ಮುಗಿಸಿ "ಒಬ್ರಿಗಾದು" ಎಂದು ಥ್ಯಾಂಕ್ಸ್ ಹೇಳಲು ಕಲಿತರು. ಕಾಫಿ ಬೇಕಾದಾಗ "ಪೊರ್ ಫವೋರ್" ಎಂದು ವಿನಂತಿಸಿಕೊಂಡರು. ರೇಗಾಡಿದ ಮೇಲೆ "ದೆಸ್ಕುಲ್ಪ್" ಎಂದು ಕ್ಷಮೆಯನ್ನೂ ಕೇಳತೊಡಗಿದರು. ಪರಭಾಷೆಯಾದ್ದರಿಂದ ನಾಚಿಕೆಯೇನೂ ಅನ್ನಿಸಲಿಲ್ಲ.

"ಉಚ್ಚಾರ ಸಾಲದು, ಇನ್ನೊಂದ್ಸಲ ಹೇಳಿ," ಎನ್ನುತ್ತಿದ್ದರು ಅಂಬುಜಮ್ಮ.

ಯುಗಾದಿಗೆ ಶುರುವಾದ ಪಾಠ ದೀಪಾವಳಿಗೆ ಬಂತು. ರಾಯರ ನಾಲಿಗೆ ಚೆನ್ನಾಗಿ ಪಳಗಿತ್ತು.

"ಎಲ್ಲಾ ಬಾಯಿಪಾಠ ಆಯ್ತಲ್ಲೇ. ಟಿಕೆಟ್ ಯಾವತ್ತಿಗೆ ತೆಗೆಸಿದೀಯ?"

ಅಂಬುಜಮ್ಮ ಇನ್ನೊಂದು ಸೌಟು ಸಾರು ಬಡಿಸುತ್ತಾ ಕೇಳಿದರು, "ಎಲ್ಲಿಗೆ ರೀ?"