ಬೆಕ್ಕಿನ ಹೆಸರು

ಬಟ್ಟೆ ಹೊಲಿಯುವ ಅಕ್ಕ ಬ್ಯಾಂಕ್ ಮ್ಯಾನೇಜರ್ ಎದುರು ಕೂತು, ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳ ಖಾತೆಯನ್ನು ಯಾರೋ ಗುಡಿಸಿ ಗುಂಡಾಂತರ ಮಾಡಿದ್ದರು. ಪಕ್ಕದಲ್ಲಿ ತಮ್ಮ ಬೈಯುತ್ತಲೇ ಇದ್ದ. "ಓಟಿಪಿ ಯಾರಿಗೂ ಹೇಳ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ! ಕಿವಿಗೆ ಹಾಕ್ಕೊಂಡ್ಯಾ?"

"ಸುಮ್ನೆ ಹೇಳ್ಲಿಲ್ಲ ಸರ್," ಎಂದಳು ಅಕ್ಕ. "'ಅಕ್ಕಾ, ನಾನೇ, ಫೋನ್ ಕಳೆದೋಯ್ತು, ನಿನಗೆ ಬಂದಿರೋ ಓಟಿಪಿ ಕಳಿಸು' ಅಂತ ಹೊಸ ನಂಬರಿಂದ ಮೆಸೇಜ್ ಬಂತು. ನಿಜವಾಗ್ಲೂ ಇವ್ನೇನಾ ಅಂತ ತಿಳ್ಕೊಳ್ಳೋಕೆ, ಇವ್ನೇ ಹೇಳ್ಕೊಟ್ಟಿದ್ದ ಹಾಗೆ ಗುಟ್ಟಿನ ಹೆಸ್ರು ಕೇಳ್ದೆ. ಚಿಕ್ಕೋರಿದ್ದಾಗ ಅಪ್ಪನ ಕಣ್ಣು ತಪ್ಪಿಸಿ ಅಟ್ಟದಲ್ಲಿ ಸಾಕಿದ್ವಲ್ಲ, ಆ ಬೆಕ್ಕಿನ ಹೆಸ್ರು. 'ಸಾಹುಕಾರ' ಅಂತ ಸರಿಯಾಗೇ ಉತ್ತರ ಬಂತು ಸರ್."

"ನಿಮ್ಮಿಬ್ಬರನ್ನ ಬಿಟ್ಟು ಆ ಹೆಸರು ಇನ್ಯಾರಿಗೆ ಗೊತ್ತಿತ್ತಮ್ಮಾ?"

ಬೈಗುಳ ಅರ್ಧಕ್ಕೇ ನಿಂತಿತು. ಅಕ್ಕ ತಿರುಗಿದಳು. ತಮ್ಮ ನೆಲ ನೋಡುತ್ತಿದ್ದ, ಬೆಕ್ಕು ಅಪ್ಪನ ಕೈಗೆ ಸಿಕ್ಕಿಬಿದ್ದ ದಿನ ನೋಡಿದ್ದ ಹಾಗೆಯೇ. ಅವತ್ತು ಏಟು ತಿಂದವಳು ಅವಳು.

ಟೇಪು ಬಿಗಿದು ಬೆರಳು ಕೆಂಪಾಗಿತ್ತು. "ನಾನೇ ಯಾರ ಹತ್ರಾನೋ ಬಾಯ್ಬಿಟ್ಟಿರ್ಬೇಕು ಸರ್," ಎಂದಳು.

ತಮ್ಮ ಬಿಗಿಹಿಡಿದಿದ್ದ ಉಸಿರು ಬಿಟ್ಟ. ಆಮೇಲೆ ಮತ್ತೆ ಬೈಯತೊಡಗಿದ.