ಎತ್ತಿದ ಕೈ

"ಈ ವಿನ್ಯಾಸಕ್ಕೆ ಯಾರಾದ್ರೂ ಪೇಟೆಂಟ್ ಅರ್ಜಿ ಹಾಕಿದ್ರೆ ಈಗ್ಲೇ ಕೈ ಎತ್ತಿ," ಎಂದರು ಅಧ್ಯಕ್ಷರು. ಇನ್ನು ಮುಂದೆ ಎಲ್ಲ ಕಂಪನಿಗಳೂ ಮೆಮೊರಿ ಚಿಪ್ಪನ್ನು ಒಂದೇ ಬಗೆಯಲ್ಲಿ ಮಾಡಬೇಕೆಂದು ತೀರ್ಮಾನಿಸುವ ಸಭೆ ಅದು. ಆ ಬಗೆಯನ್ನು ಕಂಡುಹಿಡಿದ ಎಂಜಿನಿಯರ್ ಅಲ್ಲೇ ಕೂತಿದ್ದಳು. ಅವಳ ಕಂಪನಿ ಗುಟ್ಟಾಗಿ ಅರ್ಜಿ ಹಾಕಿ ಕಾಯುತ್ತಿತ್ತು.

ಮೇಜಿನ ಮೇಲಿದ್ದ ಅವಳ ಬಲಗೈ ಅಲುಗಿದ್ದೇ ತಡ, ಪಕ್ಕದಲ್ಲಿದ್ದ ಕಂಪನಿಯ ವಕೀಲರು ತಮ್ಮ ದಪ್ಪ ಫೈಲನ್ನು ಅದರ ಮೇಲಿಟ್ಟು ಅದುಮಿದರು. ಗುಟ್ಟು ಕಾಯುವುದರಲ್ಲಿ ಅವರದು ಎತ್ತಿದ ಕೈ.

"ಸುಮ್ನಿರಿ ಮೇಡಂ," ಎಂದು ಪಿಸುಗುಟ್ಟಿದರು. "ಎಲ್ಲರೂ ಕೋಟಿ ಕೋಟಿ ಸುರಿದು ಇದೇ ಚಿಪ್ ಮಾಡ್ಲಿ. ಆಮೇಲೆ ಕೋರ್ಟಿಗೆಳೆದು ಒಬ್ಬೊಬ್ಬರ ಹತ್ರಾನೂ ರಾಯಲ್ಟಿ ಕಕ್ಕಿಸೋಣ."

"ನಾನು ಮಾಡಿದ್ದು ಚಿಪ್ಪು ಸಾರ್. ನೀವು ಅದನ್ನ ಇಲಿಬೋನು ಮಾಡ್ತಿದ್ದೀರಿ."

"ನೀವು ಕೈ ಎತ್ತಿದ್ರೆ ನಾಳೆ ಕಂಪನಿ ನಿಮ್ಮ ವಿಷಯದಲ್ಲಿ ಕೈ ಎತ್ತಿಬಿಡುತ್ತೆ. ನೋಡ್ಕೊಳ್ಳಿ."

"ಯಾರೂ ಇಲ್ಲ ತಾನೆ? ಹಾಗಾದ್ರೆ ಮುಂದಿನ ವಿಷಯ," ಎಂದು ಅಧ್ಯಕ್ಷರು ಹಾಳೆ ಮಗುಚಿದರು.

ಫೈಲು ದೊಪ್ಪನೆ ನೆಲಕ್ಕೆ ಬಿತ್ತು. ಎಲ್ಲರೂ ತಿರುಗಿ ನೋಡಿದರು.

"ಕಂಪನಿ ನಾಳೆ ಎತ್ತಲಿ ಬಿಡಿ ಸಾರ್," ಎಂದಳು ಅವಳು, ಇಡೀ ಕೋಣೆಗೆ ಕೇಳುವಂತೆ. "ನಾನು ಇವತ್ತೇ ಎತ್ತಿದ್ದೀನಿ."