ಸುಣ್ಣದ ಗೆರೆಯ ಮನೆ

ಗಗನವೇ ಚಾವಣಿ, ದಿಕ್ಕುಗಳೇ ಗೋಡೆಯಾಗಿರುವಾಗಲೂ ಭಕ್ತನು ಹಣತೆ ಹಚ್ಚಿಟ್ಟ ಗೇಣಗಲದ ಗೂಡಿನಲ್ಲಿ ಸಂತೋಷದಿಂದ ನೆಲೆಸುವ ಹಲಸೂರಿನ ಸೋಮೇಶ್ವರನಿಗೆ ನಮಸ್ಕಾರ. ಆ ಮಹಾದೇವನ ಕೃಪೆಯಿಂದ ಒಂದು ಮನೆಯ ಕಥೆ ಮೊದಲಾಗಲಿ.

ದೊಡ್ಡನೆಕ್ಕುಂದಿಯ ಆ ಮೂವತ್ತು ನಲವತ್ತರ ಸೈಟಿನಲ್ಲಿ ಗುದ್ದಲಿ ಪೂಜೆ ಆಗಷ್ಟೇ ಮುಗಿದಿತ್ತು. ಒಡೆದ ತೆಂಗಿನಕಾಯಿಯ ನೀರು ಮಣ್ಣಿನಲ್ಲಿ ಇನ್ನೂ ಇಂಗಿರಲಿಲ್ಲ. ರಸ್ತೆಯಲ್ಲಿ ಜೆಸಿಬಿ ಗುರುಗುಟ್ಟುತ್ತ ಕಾದು ನಿಂತಿತ್ತು. ಕೆಂಪು ನೆಲದ ಮೇಲೆ ಬಿಳಿಯ ಸುಣ್ಣದ ಗೆರೆಗಳಲ್ಲಿ ಮನೆ ಮೂಡಿತ್ತು. ಸುಕನ್ಯ ರೇಷ್ಮೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ರಸ್ತೆಬದಿಯ ಮುಂಗೋಣೆಗೆ ಮದುವೆಮನೆಯ ಹುಡುಗಿಯಂತೆ ಓಡಾಡುತ್ತಿದ್ದಳು. ಮುಂಗೋಣೆಗೆ ಬಂದಾಗಲೆಲ್ಲ ಅವಳ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಅವಳ ಹೊಲಿಗೆ ಯಂತ್ರಗಳು ಬಂದು ಕೂರಬೇಕಾದದ್ದು ಅಲ್ಲಿಯೇ. ವಿಮಾನಪುರದಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಅಂಗಡಿಯನ್ನು ಕೆಡಹುವುದಾಗಿ ಮಾಲೀಕನು ತಿಳಿಸಿ, ಯುಗಾದಿಯೊಳಗೆ ಜಾಗ ಬಿಡಲು ಹೇಳಿಯಾಗಿತ್ತು.

ಆದರೆ ಆ ಕೋಣೆ ಇನ್ನೂ ಅವಳದಾಗಿರಲಿಲ್ಲ. ಫ್ರೇಜರ್ ಟೌನಿನಿಂದ ಬಂದಿದ್ದ ಇಂಜಿನಿಯರ್ ನೌರೀನ್ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಬ್ಯಾಂಕಿನ ಸಾಲವೂ ಅತ್ತೆ ಅಣ್ಣಮ್ಮನವರು ಕೊಟ್ಟ ಗಂಟೂ ಸೇರಿ ಐವತ್ತು ಲಕ್ಷ. ಮನೆಯವರೆಲ್ಲರ ಆಸೆ ಸೇರಿ ಐವತ್ತಾರು. ಸುಕನ್ಯಳ ಗಂಡ ಸುನಿಲ್, ಇಂದಿರಾನಗರದ ಸ್ನೇಹಿತನ ಮನೆಯಲ್ಲಿ ಕಂಡಂಥ ಹಾಲನ್ನು ಬಯಸಿದ್ದನು. ಎರಡು ಅಂತಸ್ತಿನ ಎತ್ತರ, ಉದ್ದಕ್ಕೂ ಗಾಜು, ನಡುವೆ ತೂಗುದೀಪ. ಐವತ್ತರಲ್ಲಿ ಅದು ಮುಗಿಯಬೇಕಾದರೆ ಮುಂಗೋಣೆ ಹಾಲಿನಲ್ಲಿ ಕರಗಿಹೋಗಬೇಕು. ಎರಡರಲ್ಲಿ ಒಂದನ್ನು ಬಿಟ್ಟರೆ ಮಾತ್ರ ಕೈಯಲ್ಲಿರುವ ಹಣಕ್ಕೆ ಮನೆ ಒಗ್ಗುತ್ತಿತ್ತು.

ನೌರೀನ್ ಹಾಲಿಗೂ ಮುಂಗೋಣೆಗೂ ನಡುವಿನ ಗೆರೆಯನ್ನು ತೋರಿಸಿದಳು. “ಸರ್, ಈ ಗೋಡೆ ಇರುತ್ತಾ, ಹೋಗುತ್ತಾ? ಈಗ್ಲೇ ಹೇಳ್ಬಿಡಿ. ಪಾಯ ಅಗೆದ ಮೇಲೆ ಮನಸ್ಸು ಬದಲಾದ್ರೆ, ಆ ಮನಸ್ಸಿಗೇ ಬೇರೆ ಎಸ್ಟಿಮೇಟ್ ಹಾಕ್ಬೇಕಾಗುತ್ತೆ.”

ಸುನಿಲ್ ಕೇಳಿಯೂ ಕೇಳದವನಂತೆ ಹಾಲಿನ ನಡುವೆ ನಿಂತು, ತೂಗುದೀಪ ಎಲ್ಲಿ ಬರುವುದೆಂದು ಕೈಯೆತ್ತಿ ತಾಯಿಗೆ ತೋರಿಸುತ್ತಿದ್ದನು. ಅಣ್ಣಮ್ಮನವರು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಆಕಾಶವನ್ನು ನೋಡಿದರು.

“ದೀಪದ ಮ್ಯಾಲೆ ಏನ್ ಬರುತ್ತೋ?”

“ಏನೂ ಬರಲ್ಲಮ್ಮ. ಖಾಲಿ ಇರುತ್ತೆ. ಅದೇ ಅದರ ಚೆಂದ.”

“ಏನೂ ಇಲ್ದೇ ಇರೋದಕ್ಕೆ ಅಷ್ಟು ದುಡ್ಡೇನೋ? ನಮ್ಮ ಹೊಲದ ಮ್ಯಾಲೆ ಅದು ಪುಕ್ಕಟೆ ಇತ್ತಲ್ಲೋ.”

ನೌರೀನ್ ದುಪಟ್ಟಾದ ಅಂಚನ್ನು ಬಾಯಿಗೊತ್ತಿಕೊಂಡು ಬೇರೆ ಕಡೆ ತಿರುಗಿದಳು. ಸುನಿಲನ ಮುಖ ಕೆಂಪೇರಿತು. ಹೊಲ ಮಾರಿ ತಿಂದವರು ಎಂದು ತಮ್ಮನ್ನು ಹಗುರಾಗಿ ಆಡಿಕೊಂಡವರೆಲ್ಲ ಈ ಮನೆಗೆ ಬಂದು ತಲೆಯೆತ್ತಿ ನೋಡಬೇಕು, ಅದಕ್ಕೇ ಈ ಎತ್ತರ ಎಂದು ಅವನು ವಾದಿಸಿದನು. ಅದು ಬರಿಯ ಡಂಬವಾಗಿರಲಿಲ್ಲ. ತಂದೆ ಮುನಿಆಂಜನಪ್ಪನವರು ಎಕರೆಗಟ್ಟಲೆ ಮಾರಿ, ಉಳಿದದ್ದು ಈ ಒಂದು ತುಂಡು. ಸಂಬಂಧಿಕರ ನಡುವೆ ಅವನು ತಲೆ ತಗ್ಗಿಸಿ ಕುಳಿತದ್ದನ್ನು ಸುಕನ್ಯ ಎಷ್ಟೋ ಸಲ ಕಂಡಿದ್ದಳು; ಆದುದರಿಂದ ಜಗಳಕ್ಕೆ ನಿಲ್ಲದೆ ಹತ್ತಿರ ಬಂದು ಮೆಲುದನಿಯಲ್ಲಿ ಹೇಳಿದಳು.

“ತಲೆ ಎತ್ತಿ ನೋಡೋರು ಗೃಹಪ್ರವೇಶಕ್ಕೆ ಒಂದ್ಸಲ ಬರ್ತಾರೆ ರೀ, ಊಟ ಮಾಡ್ಕೊಂಡು ಹೋಗ್ತಾರೆ. ನನಗೆ ಅಳತೆ ಕೊಡೋಕೆ ಬರೋರು ವರ್ಷಪೂರ್ತಿ ಬರ್ತಾರೆ.”

ಸುನಿಲ್ ನೌರೀನ್ ತೋರಿಸಿದ್ದ ಗೆರೆಯ ಬಳಿಗೆ ನಡೆದು, ಬರಿಗಾಲಿನ ಹೆಬ್ಬೆರಳಿನಿಂದ ಸುಣ್ಣವನ್ನು ಒಂದು ಮಾರು ಅಳಿಸಿದನು. ಅದನ್ನೇ ಅಪ್ಪಣೆಯೆಂದು ತಿಳಿದ ಜೆಸಿಬಿಯವನು ಎಂಜಿನ್ನಿನ ಸದ್ದು ಏರಿಸಿದನು.

ಅಷ್ಟರಲ್ಲಿ ಹಿಂದಿನ ಬೀದಿಯ ಮಜೀದಾ ಬಂದರು. ಅವರು ಸುಕನ್ಯಳ ಹಳೆಯ ಗಿರಾಕಿ. ಪೂಜೆಗೆ ಕರೆದಿದ್ದರೂ ತಡವಾಗಿತ್ತು. ಕಂಕುಳಲ್ಲಿ ಮಗಳ ನಿಕಾಹ್‌ಗೆಂದು ಕೊಂಡ ಬಟ್ಟೆಯ ಗಂಟಿತ್ತು. ಸುತ್ತಲೂ ಬಯಲು, ಯಾವ ಕಡೆಯಿಂದ ಬಂದರೂ ತಡೆಯುವವರಿರಲಿಲ್ಲ. ಆದರೂ ಅವರು ಹಾಲಿನ ಮುಂದಿನ ಗೆರೆಯ ಹೊರಗೆ ಚಪ್ಪಲಿ ಬಿಟ್ಟು, ಗೋಡೆ ಎದ್ದೇ ನಿಂತಿದೆಯೆಂಬಂತೆ ಅಲ್ಲಿಯೇ ನಿಂತರು. ಸೆರಗನ್ನು ತಲೆಗೆ ಸರಿಪಡಿಸಿಕೊಂಡರು.

“ಮನೆ ಬಹಳ ಚೆನ್ನಾಗಿ ಬಂದಿದೆ ಸುನಿಲ್ ಭಾಯ್,” ಎಂದರು. “ಸುಕನ್ಯಾದು ಹೊಲಿಗೆ ರೂಮಿಗೆ ಎಲ್ಲಿಂದ ಬರ್ಬೇಕು?”

ಸುನಿಲ್ ಅವರನ್ನೇ ನೋಡಿದನು. ಅವನ ಮನೆಯ ಹೊಸ್ತಿಲಲ್ಲಿ ಯಾರೂ ಅದುವರೆಗೆ ಅಷ್ಟು ಮರ್ಯಾದೆಯಿಂದ ಕಾದು ನಿಂತಿರಲಿಲ್ಲ. ಹೊಸ್ತಿಲಾದರೋ ಇನ್ನೂ ಇರಲೇ ಇಲ್ಲ. ಅವನು ಜೆಸಿಬಿಯವನನ್ನು ಕೈಯೆತ್ತಿ ತಡೆದನು. ಗೆರೆ ಎಳೆಯಲು ತಂದಿಟ್ಟಿದ್ದ ಬಾಣಲೆಯಿಂದ ಸುಣ್ಣವನ್ನು ಬೊಗಸೆ ತುಂಬ ತೆಗೆದುಕೊಂಡು ಮೊಣಕಾಲೂರಿ ಕುಳಿತನು.

“ರಸ್ತೆ ಕಡೆಯಿಂದ ಬನ್ನಿ ಅಕ್ಕ,” ಎಂದನು, ಅಳಿಸಿದ ಗೆರೆಯ ಮೇಲೆ ಬೆರಳ ಸಂದಿನಿಂದ ಸುಣ್ಣ ಸುರಿಯುತ್ತ. “ಇಲ್ಲಿ ಗೋಡೆ ಇದೆ.”

ಮನೆ ಕಟ್ಟ ಹೊರಟವರಿಗೆಲ್ಲ ಎಣಿಕೆಯೂ ಒಲುಮೆಯೂ ಒಂದೇ ಪಾಯದ ಮೇಲೆ ನಿಲ್ಲಲಿ. ಈ ಕಥೆಯನ್ನು ಕೇಳಿದವರ ಮನೆಯಲ್ಲಿ ದುಡಿಯುವ ಕೈಗೆ ಜಾಗವೂ ಹಚ್ಚಿದ ದೀಪಕ್ಕೆ ಎಣ್ಣೆಯೂ ಎಂದೆಂದಿಗೂ ಕಡಿಮೆಯಾಗದಿರಲಿ.